ಅಜ್ಜಿಯ ಅರಿಸಿನ ಬಟ್ಟೆ, ಅಪ್ಪನ ಆರ್ಡರು

ನಾನು ಬೆಳೆದ ಮನೆಯಲ್ಲಿ ಎರಡು ಸರ್ಕಾರಗಳಿದ್ದವು. ಒಂದು ಅಜ್ಜಿಯದು, ಇನ್ನೊಂದು ಅಪ್ಪನದು. ಅಜ್ಜಿಯ ಸರ್ಕಾರ ಅರಿಸಿನ ಬಟ್ಟೆಯಿಂದ ನಡೆಯುತ್ತಿತ್ತು, ಅಪ್ಪನದು ಕಾಗದದಿಂದ. ಅವ್ವ ಒಬ್ಬಳೇ ಪ್ರಜೆ. ನಾನು ವಿರೋಧ ಪಕ್ಷ. ಮದ್ದೂರು ಸುತ್ತಿನ ಹಳ್ಳಿಗಳಲ್ಲಿ ಆಗ ನನ್ನಷ್ಟು ಸಮರ್ಥ ವಿರೋಧ ಪಕ್ಷ ಇನ್ನೊಂದಿರಲಿಲ್ಲ ಎಂದು ನಾನೇ ಹೇಳಿಕೊಳ್ಳಬೇಕಾಗಿದೆ. ಸಾಕ್ಷಿ ಹೇಳಬೇಕಾದವರು ತೀರಿಕೊಂಡಿದ್ದಾರೆ, ಉಳಿದ ಒಂದಿಬ್ಬರು ಹೊಟ್ಟೆಕಿಚ್ಚಿನಿಂದ ಬಾಯಿ ಬಿಡುವುದಿಲ್ಲ.

ಅಜ್ಜಿಯ ಆಡಳಿತ ಹೇಗಿತ್ತೆಂದರೆ, ಮನೆಯಲ್ಲಿ ಯಾವುದನ್ನು ಯಾರೂ ಮುಟ್ಟಬಾರದೆಂದು ಅವಳಿಗೆ ಅನ್ನಿಸುತ್ತಿತ್ತೋ ಅದಕ್ಕೆ ಅರಿಸಿನದಲ್ಲಿ ಅದ್ದಿ ಒಣಗಿಸಿದ ಒಂದು ಚಿಂದಿ ಬಟ್ಟೆ ಕಟ್ಟುತ್ತಿದ್ದಳು. ಕಟ್ಟಿದ ಕ್ಷಣದಿಂದ ಅದು ದೇವರ ಮೀಸಲು. ದೇವರಿಗೆ ಒಪ್ಪಿಸುವವರೆಗೆ ಮನುಷ್ಯರು ಅದನ್ನು ಕಣ್ಣಲ್ಲಿ ನೋಡಬಹುದು, ಅಷ್ಟೆ. ತುಪ್ಪದ ಗಡಿಗೆಗೆ ಒಂದು ಬಟ್ಟೆ, ಅಟ್ಟದ ಮೇಲಿನ ಬಾಳೆಗೊನೆಗೆ ಒಂದು, ಹಿತ್ತಲಿನ ಮೊದಲ ಹಲಸಿನಕಾಯಿಗೆ ಒಂದು. ಪರೀಕ್ಷೆಯ ಹಿಂದಿನ ದಿನ ನಾನು ನನ್ನ ಲೆಕ್ಕದ ಪುಸ್ತಕಕ್ಕೂ ಒಂದು ಕಟ್ಟಿಕೊಂಡು, ದೇವರಿಗೆ ಬಿಟ್ಟಿದ್ದೇನೆ, ತೆಗೆಯುವ ಹಾಗಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ತಬ್ಬಿಬ್ಬಾಗಿ ಅಜ್ಜಿಯ ಮುಖ ನೋಡಿದರು. ಅಜ್ಜಿ ಗಂಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇದು ನನ್ನ ಗಂಟಲ್ಲ ಎಂದು ತೀರ್ಪು ಕೊಟ್ಟಳು. ಅವಳ ಗಂಟು ಹಾಗಿತ್ತು. ಒಮ್ಮೆ ಬಿಗಿದರೆ ಅವಳ ಹೊರತು ಯಾರಿಂದಲೂ ಬಿಚ್ಚಲು ಆಗುತ್ತಿರಲಿಲ್ಲ. ಉಗುರು ಮುರಿಯುತ್ತಿತ್ತೇ ಹೊರತು ಗಂಟು ಅಲ್ಲಾಡುತ್ತಿರಲಿಲ್ಲ. ಸ್ವತಃ ಅಪ್ಪ ಒಮ್ಮೆ ಬಾಳೆಗೊನೆಯ ಗಂಟಿನ ಜೊತೆ ಅರ್ಧ ಗಂಟೆ ಗುದ್ದಾಡಿ, ಕೊನೆಗೆ ಗೊನೆಯನ್ನು ಹಾಗೆಯೇ ಬಿಟ್ಟು ಎದ್ದುಹೋಗಿದ್ದರು.

ಅಪ್ಪ ಮದ್ದೂರಿನಲ್ಲಿ ಒಬ್ಬ ವಕೀಲರ ಬಳಿ ಗುಮಾಸ್ತರಾಗಿದ್ದರು. ವಕೀಲರಿಗೆ ಕಾನೂನು ಹೊಟ್ಟೆಪಾಡು, ಗುಮಾಸ್ತರಿಗೆ ಅದು ಭಕ್ತಿ. ಊಟಕ್ಕೆ ಕೂರುವ ಹೊತ್ತು, ದೀಪ ಹಚ್ಚುವ ಹೊತ್ತು, ಬಚ್ಚಲ ಹಂಡೆಗೆ ನೀರು ತುಂಬುವ ಸರದಿ ಎಲ್ಲವನ್ನೂ ಉದ್ದುದ್ದ ಅಕ್ಷರಗಳಲ್ಲಿ ಬರೆದು ಗೋಡೆಗೆ ಗೋಂದಿನಿಂದ ಅಂಟಿಸುತ್ತಿದ್ದರು, ಕೆಳಗೆ ಸಹಿ ಕೂಡ ಹಾಕುತ್ತಿದ್ದರು. ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುವಾಗ ಶಿವಪುರದಲ್ಲಿ ಸ್ವಾತಂತ್ರ್ಯಕ್ಕೆ ಮೊದಲು ಸತ್ಯಾಗ್ರಹಿಗಳು ಬಾವುಟ ಹಾರಿಸಿದ ಜಾಗ ಬಂದರೆ ಸೈಕಲ್ಲು ಇಳಿದು, ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದರು. ಬಾವುಟ ಹಾರಿಸಬಾರದು ಅಂತ ಸರ್ಕಾರದ ಆರ್ಡರು ಇತ್ತಲ್ಲವೇ, ಇವರೆಲ್ಲ ಅದನ್ನು ಮುರಿದವರಲ್ಲವೇ, ಕಾನೂನು ಮುರಿದವರಿಗೆ ಯಾಕೆ ಕೈ ಮುಗಿಯುತ್ತೀಯಪ್ಪ ಎಂದು ನಾನು ಒಮ್ಮೆ ಕೇಳಿದೆ. ನಮ್ಮೂರು ಬರುವವರೆಗೂ ಅಪ್ಪ ಸೈಕಲ್ಲು ತುಳಿದರೇ ಹೊರತು ಮಾತಾಡಲಿಲ್ಲ. ವಕೀಲರ ಗುಮಾಸ್ತರೊಬ್ಬರನ್ನು ಮೂರು ಮೈಲಿ ಮಾತಿಲ್ಲದೆ ಕೂರಿಸಿದ ಹತ್ತು ವರ್ಷದ ಹುಡುಗ ನಾನು.

ಇನ್ನು ಓಣಿಯ ಸಂಗತಿ. ನಮ್ಮ ಮನೆಯ ಹಿಂದಿನ ಜಗುಲಿಗೂ ಪಕ್ಕದ ಚಿಕ್ಕಲಿಂಗಯ್ಯನವರ ಮನೆಯ ಹಿಂದಿನ ಜಗುಲಿಗೂ ನಡುವೆ ಮೂರು ಮೊಳ ಅಗಲದ ಓಣಿಯಿತ್ತು. ಅದು ತಮ್ಮದು ಎಂದು ಅಪ್ಪ, ತಮ್ಮದು ಎಂದು ಅವರು. ವಿಷಯ ಕೋರ್ಟಿಗೆ ಹೋಯಿತು. ತೀರ್ಪು ಬರುವ ತನಕ ಇಬ್ಬರೂ ಆ ನೆಲಕ್ಕೆ ಕಾಲಿಡಕೂಡದು, ಇದ್ದದ್ದು ಇದ್ದ ಹಾಗೇ ಇರತಕ್ಕದ್ದು ಎಂದು ಆರ್ಡರಾಯಿತು. ಆ ಆರ್ಡರನ್ನು ಅಪ್ಪನಷ್ಟು ನಿಷ್ಠೆಯಿಂದ ಪಾಲಿಸಿದವರು ಈ ಜಿಲ್ಲೆಯಲ್ಲಿ ಇರಲಾರರು. ನಮ್ಮ ಕೋಳಿಯೊಂದು ಓಣಿಗೆ ಇಳಿದು ಮೊಟ್ಟೆಯಿಟ್ಟರೆ ಅದು ಇದ್ದ ಹಾಗೇ ಇದ್ದು ಕೊಳೆಯಿತು. ಎಲ್ಲಿಂದಲೋ ಹಬ್ಬಿದ ಕುಂಬಳದ ಬಳ್ಳಿ ಅಲ್ಲೇ ಕಾಯಿ ಬಿಟ್ಟು, ಆ ಕಾಯಿ ನನ್ನ ತಲೆಗಿಂತ ದಪ್ಪವಾಗಿ, ಎರಡೂ ಮನೆಯವರು ದಿನಾ ಬೆಳಿಗ್ಗೆ ಅದನ್ನು ನೋಡಿ ಎಂಜಲು ನುಂಗಿಕೊಳ್ಳುತ್ತಿದ್ದೆವು. ಇಷ್ಟು ಸಾಲದೆಂದು ಅಪ್ಪ ತಮ್ಮದೇ ಒಂದು ಕಲಮು ಸೇರಿಸಿದರು: ಕೇಸು ಮುಗಿಯುವ ತನಕ ಎದುರುದಾರರ ಹೊಸ್ತಿಲು ತುಳಿದರೆ ರಾಜಿಯಾದಂತೆ, ಆದ್ದರಿಂದ ಬೀದಿ ಕಡೆಯಿಂದಲೂ ಯಾರೂ ಹೋಗಕೂಡದು.

ಆ ವರ್ಷ ನಮ್ಮ ಎಮ್ಮೆ ಈಯಿತು. ಗಿಣ್ಣು ಮುಗಿದು ಹಾಲು ತಿಳಿಯಾಯಿತು. ಮೊದಲ ಹಾಲನ್ನು ಸೋಮವಾರ ವೈದ್ಯನಾಥಪುರದ ಶಿವನ ಗುಡಿಗೆ ಒಯ್ದು ಅಭಿಷೇಕ ಮಾಡಿಸುವವರೆಗೆ ಅದು ನಮ್ಮ ಹೊಸ್ತಿಲು ದಾಟುವ ಹಾಗಿಲ್ಲ, ನಾವು ಕುಡಿಯುವ ಹಾಗೂ ಇಲ್ಲ. ಸಾಮಾನ್ಯವಾಗಿ ಇದು ನಾಲ್ಕೈದು ದಿನದ ಮಾತು. ಆದರೆ ನಮ್ಮ ದಾಯಾದಿಯೊಬ್ಬರು ತೀರಿಕೊಂಡು ಸೂತಕ ಬಂತು. ಸೂತಕದಲ್ಲಿ ದೇವಸ್ಥಾನಕ್ಕೆ ಹೋಗುವಂತಿಲ್ಲ. ಹೀಗಾಗಿ ದಿನದಿನವೂ ಹಾಲು ಕರೆದು, ಕಾಯಿಸಿ, ಮಡಕೆಗೆ ಹಾಕಿ, ಅದರ ಕುತ್ತಿಗೆಗೆ ಅಜ್ಜಿ ಬಟ್ಟೆ ಬಿಗಿಯುತ್ತಿದ್ದಳು. ಮರುದಿನ ಅದು ಮೊಸರಾಗಿ ಬೆಣ್ಣೆಯಾಗಿ ಇನ್ನೊಂದು ಬಟ್ಟೆಯ ಕೆಳಗೆ ಸೇರುತ್ತಿತ್ತು. ಮನೆ ತುಂಬ ಹಾಲು, ನಾಲಿಗೆಗೆ ಒಂದು ತೊಟ್ಟಿಲ್ಲ.

ಅದೇ ವಾರ ಚಿಕ್ಕಲಿಂಗಯ್ಯನವರ ಸೊಸೆ ಜಯಮ್ಮನಿಗೆ ಜ್ವರ ಬಂದು ಎದೆಹಾಲು ನಿಂತಿತು. ಮಡಿಲಲ್ಲಿ ಒಂದೂವರೆ ತಿಂಗಳ ಹೆಣ್ಣುಕೂಸು. ಊರಲ್ಲಿ ಬೇರೆ ಹಾಲಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಅವರ ಹಸು ಬತ್ತಿತ್ತು. ಕರೆಯುವ ಹಸುವಿದ್ದ ಇನ್ನೆರಡು ಮನೆಗಳವರು ಹಾಲನ್ನು ಮೊದಲ ಬಸ್ಸಿಗೇ ಮದ್ದೂರಿನ ಹೋಟೆಲುಗಳಿಗೆ ಹಾಕಿ, ಬೆಳಿಗ್ಗೆ ಒಂದು ಲೋಟ ತೆಗೆದಿಟ್ಟು ಕೊಡುತ್ತಿದ್ದರು. ಆ ಲೋಟ ಹನ್ನೊಂದು ಗಂಟೆಗೆ ಮುಗಿಯುತ್ತಿತ್ತು. ಆಮೇಲೆ ಕೂಸಿಗೆ ಸಕ್ಕರೆ ನೀರು. ಎದುರುದಾರರ ಬಾಗಿಲಿಗೆ ಬಂದು ಕೇಳಲು ಚಿಕ್ಕಲಿಂಗಯ್ಯನವರಿಗೆ ಮೀಸೆ ಅಡ್ಡ ಬರುತ್ತಿತ್ತು. ಮೂರು ಮೊಳದಾಚೆ ಅವರ ಜಗುಲಿಯ ತೊಲೆಗೆ ಸೀರೆಯ ತೊಟ್ಟಿಲು ಕಟ್ಟಿದ್ದರು. ಕೂಸು ಅತ್ತರೆ ನಮ್ಮ ಅಡುಗೆಮನೆಯೊಳಗೇ ಅತ್ತ ಹಾಗೆ ಕೇಳಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಅಪ್ಪ ಮನೆಯಲ್ಲಿದ್ದರು. ಬಿಸಿ ಮುದ್ದೆ, ಉಪ್ಪುಸಾರು, ಒರಳಲ್ಲಿ ಅರೆದ ಖಾರ. ಮುದ್ದೆ ಮುರಿದು ಸಾರಿಗೆ ಅದ್ದಿದ್ದೇವೆ, ಆಚೆ ಕೂಸು ಶುರುಮಾಡಿತು. ಮೊದಲು ಜೋರಾಗಿ ಅತ್ತಿತು. ಆಮೇಲೆ ದನಿ ಸಣ್ಣದಾಗುತ್ತ ಬಂತು, ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೇ ಹೆಚ್ಚು ಹಿಂಸೆ. ಅಪ್ಪ ಗೋಡೆಯ ಮೇಲಿನ ತಮ್ಮದೇ ನಿಯಮಗಳನ್ನು ಓದುತ್ತ ಉಂಡರು. ಅಜ್ಜಿ ಮೂಲೆಯಲ್ಲಿ ಮಡಕೆಯ ಕಡೆಗೆ ಬೆನ್ನು ಮಾಡಿ ಕೂತಿದ್ದಳು. ಅವ್ವ ಮುದ್ದೆಗೆ ಬೆರಳು ಕೂಡ ಊರಲಿಲ್ಲ. ಅಪ್ಪ ಯಾಕೆ ಉಣ್ಣುತ್ತಿಲ್ಲವೆಂದು ಕೇಳಿದರು.

"ಗಂಟ್ಲಲ್ಲಿ ಇಳೀತಿಲ್ಲ ಕಣಿ," ಅಂದಳು ಅವ್ವ. "ನೀವು ಉಣ್ಣಿ."

ಅಷ್ಟೇ. ವಾದವಿಲ್ಲ, ಅಳುವಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿ ನಮಗೆ ಸಾರು ಬಡಿಸಿದಳು. ಎರಡು ದಿನದಿಂದ ಅವಳು ಹೀಗೇ ಮಾಡುತ್ತಿದ್ದಾಳೆಂದು ನನಗೆ ಆಗ ಹೊಳೆಯಿತು. ಅವ್ವನಿಗೆ ಓದಲು ಬರೆಯಲು ಬರುತ್ತಿರಲಿಲ್ಲ, ಗೋಡೆಯ ಕಾಗದಗಳು ಅವಳಿಗೆ ಬರೀ ಗೀಟುಗಳು. ದೇವರ ಮುಂದೆ ನಿಂತರೂ ಕೈಮುಗಿದು ಸುಮ್ಮನೆ ಬರುತ್ತಿದ್ದಳೇ ಹೊರತು ಅವಳಿಗೆ ಮಂತ್ರ ಹರಕೆ ಯಾವುದೂ ಇರಲಿಲ್ಲ. ಅವಳ ಬಳಿ ಇದ್ದದ್ದು ಆ ಗಂಟಲೊಂದೇ.

ಊಟವಾದ ಮೇಲೆ ಅಪ್ಪ ನಡುಮನೆಯಲ್ಲಿ ಮಲಗಿದರು. ಅಜ್ಜಿ ಮಡಕೆಯ ಹತ್ತಿರ ಏನೋ ಮಾಡಿಕೊಂಡು ಬಂದವಳು ನನ್ನನ್ನು ಕರೆದಳು. ನನಗೆ ಎಂದೂ ಬೇರೆಯಾಗಿ ಎಚ್ಚರಿಕೆ ಕೊಟ್ಟವಳಲ್ಲ. ಅವಳ ಬಟ್ಟೆಯೇ ಸಾಕಾಗುತ್ತಿತ್ತು. ಅವತ್ತು ಮಾತ್ರ ನನ್ನ ಕಿವಿ ಹಿಡಿದು ಹೇಳಿದಳು.

"ಲೋ ಮಗ, ಆ ಮಡ್ಕೆ ತಾವ್ಕೆ ಓಗ್ಬ್ಯಾಡ. ಬಟ್ಟೆ ಮುಟ್ಬ್ಯಾಡ. ನಾನು ಇಲ್ಲೇ ಅಕ್ಕಿ ಆರಿಸ್ತಾ ಕುಂತಿರ್ತೀನಿ."

ಹೇಳಿ, ಮೊರ ಹಿಡಿದು ಬಾಗಿಲ ಕಡೆ ಮುಖ ಮಾಡಿ ಕೂತಳು. ನನ್ನಂಥವನಿಗೆ ಮುಟ್ಟಬೇಡ ಎನ್ನುವುದು ಮದುವೆ ಕರೆಯೋಲೆ ಇದ್ದ ಹಾಗೆ. ಬೆಕ್ಕಿನ ಹೆಜ್ಜೆಯಲ್ಲಿ ಮಡಕೆಯ ಹತ್ತಿರ ಹೋದೆ. ಗಂಟು ನೋಡಲು ಎಂದಿನ ಹಾಗೇ ಕಲ್ಲಿನಂತಿತ್ತು. ತುದಿ ಹಿಡಿದು ಒಮ್ಮೆ ಎಳೆದೆ. ಬಿಚ್ಚಿಕೊಂಡಿತು. ಅಪ್ಪನ ಕೈಲಿ ಆಗದ್ದು, ಊರಲ್ಲಿ ಯಾರ ಕೈಲೂ ಆಗದ್ದು, ನನ್ನ ಎರಡು ಬೆರಳಲ್ಲಿ ಆಯಿತು. ಆ ಕ್ಷಣದ ಹೆಮ್ಮೆಯನ್ನು ಈಗಲೂ ಎದೆಯಲ್ಲಿ ಇಟ್ಟುಕೊಂಡಿದ್ದೇನೆ. ಹಾಲು ಕದಿಯುವುದು ನನ್ನ ಯೋಚನೆಯಾಗಿರಲಿಲ್ಲ. ಕದ್ದರೆ ಒಂದು ಹೊತ್ತಿನ ಮಾತು, ಸಿಕ್ಕಿಬಿದ್ದರೆ ಅದೂ ಇಲ್ಲ. ಬಟ್ಟೆ ಕಟ್ಟಿದ್ದೆಲ್ಲ ದೇವರದು ತಾನೇ, ನಾನು ಬಟ್ಟೆಯನ್ನು ಕದ್ದೆ. ಹಿಂದಿನ ಜಗುಲಿಯಿಂದ ಓಡಿಬಂದು ಹಾರಿದವನು ಸೀದಾ ಅವರ ಜಗುಲಿಯ ಮೇಲೆ. ಜಯಮ್ಮ ಒಳಗೆ ಮಲಗಿದ್ದಳು. ಸೀರೆಯ ತೊಟ್ಟಿಲಲ್ಲಿ ಕೂಸು ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ತೊಟ್ಟಿಲ ಹಗ್ಗಕ್ಕೆ ಅರಿಸಿನ ಬಟ್ಟೆ ಬಿಗಿದು, ಹಾಗೇ ಹಾರಿ ವಾಪಸು ಬಂದೆ.

ಬಂದವನು ಅಜ್ಜಿಯ ಮುಂದೆ ನಿಂತು ಬಹಳ ಗಾಬರಿಯಾದವನಂತೆ, ನಿನ್ನ ಬಟ್ಟೆ ಚಿಕ್ಕಲಿಂಗಯ್ಯನವರ ತೊಟ್ಟಿಲಲ್ಲಿ ಇದೆಯಲ್ಲಜ್ಜಿ ಎಂದೆ. ಅಪ್ಪ ಎದ್ದು ಬಂದರು. ಎಲ್ಲರೂ ಹಿಂದಿನ ಜಗುಲಿಗೆ ಬಂದೆವು. ಮೂರು ಮೊಳದಾಚೆ ಹಗ್ಗದ ಮೇಲೆ ಬಟ್ಟೆ ಕಾಣುತ್ತಿತ್ತು. ನನ್ನ ಗಂಟು ನೋಡಿದ ತಕ್ಷಣ ಇದು ನನ್ನದಲ್ಲ ಎಂದು ಅಜ್ಜಿ ಹೇಳಿದರೆ ಆಟ ಮುಗಿಯಿತು. ನನ್ನ ಬೆನ್ನಿಗೆ ಹುಣಸೆ ಬರಲಿನ ಏಟು, ಕೂಸಿಗೆ ಸಕ್ಕರೆ ನೀರು. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ತುಂಬ ಹೊತ್ತು ನೋಡಿದಳು.

"ನನ್ ಬಟ್ಟೇನೇ ಕಣ," ಅಂದಳು. "ಸಿವ ಎಲ್ಲಿ ಬಂದು ಕುಂತವ್ನೋ ಅಲ್ಗೆ ಆಲು ಓಗ್ಬೇಕು. ತತ್ತಾ ಸೊಂಬು."

ಅವ್ವ ಸೊಂಬು ತರಲು ಹೋದ ವೇಗವನ್ನು ನಾನು ಅವಳ ಜೀವಮಾನದಲ್ಲಿ ಮತ್ತೆ ಕಾಣಲಿಲ್ಲ. ಮಡಕೆಯ ಹಾಲು ಬಗ್ಗಿಸಿ, ಬೆಚ್ಚಗೆ ಮಾಡಿ, ಕೂಸಿಗೆ ತಕ್ಕಷ್ಟು ನೀರು ಬೆರೆಸಿ ತಂದಳು. ಜಗುಲಿಯ ಅಂಚಿನಲ್ಲಿ ನಿಂತಳು. ಅಲ್ಲಿಂದ ಮುಂದೆ ಇನ್ನೊಂದು ಸರ್ಕಾರ. ಅಪ್ಪನಿಗೆ ಹಾಲಿನ ಬಗ್ಗೆ ತಕರಾರಿರಲಿಲ್ಲ. ಅವರ ಮುಖ ಬಾಡಿತ್ತು. ಆದರೂ ಓಣಿಗೆ ಇಳಿಯುವ ಹಾಗಿಲ್ಲ, ಹೊಸ್ತಿಲು ತುಳಿಯುವ ಹಾಗಿಲ್ಲ ಎಂದು ನೋವಿನಿಂದಲೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಓಣಿಗೆ ಇಳಿದದ್ದು ನೀನೇ ತಾನೇ ಎಂದು ಕೇಳಿದರು.

"ನಾನೆಲ್ಲಿ ಇಳುದೆ? ಆರ್ದೆ," ಅಂದೆ. "ಕಾಲು ನೆಲಕ್ಕೆ ತಾಕೇ ಇಲ್ಲ ಕಣಪ್ಪ."

ಏಟು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಬೀಳಲಿಲ್ಲ. ಅಪ್ಪ ಒಳಗೆ ಹೋಗಿ ಪೆಟ್ಟಿಗೆಯಿಂದ ಆರ್ಡರಿನ ನಕಲು ತೆಗೆದು, ಕನ್ನಡಕ ಹಾಕಿಕೊಂಡು, ಜಗುಲಿಯಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಇನ್ನೊಮ್ಮೆ ಓದಿದರು. ಆಚೆ ಕೂಸು ಬಿಕ್ಕುತ್ತಿತ್ತು. ಅಪ್ಪ ಕಾಗದ ಮಡಿಸಿ ಜೇಬಿಗಿಟ್ಟುಕೊಂಡು, ಕೊಟ್ಟಿಗೆಯ ಸೂರಿನಿಂದ ಮಾವಿನಕಾಯಿ ಕೀಳುವ ದೋಟಿಯನ್ನು ಎಳೆದು ತಂದರು.

"ಆರ್ಡರಲ್ಲಿ ನೆಲ ಅಂತ ಅದೆ," ಅಂದರು. "ಗಾಳಿ ಅಂತ ಎಲ್ಲೂ ಇಲ್ಲ."

ಕಾನೂನಿನ ಆ ಮಹಾ ವ್ಯಾಖ್ಯಾನ ನನ್ನ ನೆಗೆತದಿಂದ ಹುಟ್ಟಿದ್ದು ಎಂಬುದನ್ನು ದಯವಿಟ್ಟು ಗಮನಿಸಬೇಕು. ದೋಟಿಯ ಕೊಕ್ಕೆಗೆ ಸೊಂಬನ್ನು ದಾರದಿಂದ ಕಟ್ಟಿ, ಅಪ್ಪ ಎರಡೂ ಕೈಯಲ್ಲಿ ಗಳು ಹಿಡಿದು, ತಂಟೆಯ ನೆಲದ ಮೇಲೆ, ಕುಂಬಳಕಾಯಿಯ ಮೇಲೆ, ಮೆಲ್ಲಗೆ ಚಾಚಿದರು. ಅಷ್ಟರಲ್ಲಿ ಚಿಕ್ಕಲಿಂಗಯ್ಯನವರು ಖಾಲಿ ಲೋಟ ಹಿಡಿದುಕೊಂಡು ಹೊರಗಿನಿಂದ ಬಂದರು. ತಮ್ಮ ಜಗುಲಿಯ ಮುಂದೆ ಗಾಳಿಯಲ್ಲಿ ತೂಗುತ್ತಿದ್ದ ಸೊಂಬನ್ನೂ, ಗಳುವಿನ ಈಚೆ ತುದಿಯಲ್ಲಿದ್ದ ಅಪ್ಪನನ್ನೂ ನೋಡಿದರು. ಕೈ ಮುಂದೆ ಮಾಡಲಿಲ್ಲ. ನಿಮ್ಮ ಮನೆ ಹಾಲು ನಮಗೆ ಬೇಡ ಎಂದು ಮುಖ ತಿರುಗಿಸಿದರು. ಅಪ್ಪನ ತೋಳು ಸೋಲುತ್ತಿತ್ತು. ಸೊಂಬು ಒಂದು ಕಡೆಗೆ ವಾಲಿತು, ನಾಲ್ಕು ಹನಿ ಓಣಿಗೆ ಬಿತ್ತು.

"ನಮ್ದಲ್ಲ ಕಣೋ ಚಿಕ್ಕಲಿಂಗ, ದೇವರ್ದು," ಅಂದಳು ಅಜ್ಜಿ. "ದೇವ್ರ ಮೇಲೂ ಏನಾರ ಕೇಸು ಆಕಿದ್ದೀಯಾ?"

ಚಿಕ್ಕಲಿಂಗಯ್ಯನವರು ತೊಟ್ಟಿಲ ಹಗ್ಗದ ಬಟ್ಟೆ ನೋಡಿದರು, ಅಜ್ಜಿಯನ್ನು ನೋಡಿದರು. ಲೋಟ ಕೆಳಗಿಟ್ಟು ಎರಡೂ ಕೈಯಲ್ಲಿ ಸೊಂಬು ಇಳಿಸಿಕೊಂಡರು. ಒಳಲೆಯಲ್ಲಿ ಬಾಯಿಗೆ ಹಾಲು ಹಾಕುವಾಗ ಕೂಸು ಹೊರಡಿಸಿದ ಸದ್ದು ಈಚೆಗೂ ಕೇಳಿಸಿತು. ಅವ್ವ ಒಳಗೆ ಹೋಗಿ, ಆರಿ ಕಲ್ಲಾಗಿದ್ದ ಮುದ್ದೆಯನ್ನು ಒಂದು ಚೂರೂ ಬಿಡದೆ ಉಂಡಳು.

ಸೂತಕ ಕಳೆದ ಸೋಮವಾರ ಅಜ್ಜಿ ವೈದ್ಯನಾಥಪುರಕ್ಕೆ ಒಯ್ದದ್ದು ಒಂದು ಸಣ್ಣ ಗಿಂಡಿ ಹಾಲು. ಇಷ್ಟೇ ಏನಮ್ಮ ಎಂದು ಪೂಜಾರಿ ಕೇಳಿದ್ದಕ್ಕೆ, ಮಿಕ್ಕಿದ್ದನ್ನು ಅವನು ನಮ್ಮೂರಿಗೇ ಬಂದು ಕುಡಿದ ಎಂದು ಹೇಳಿ ಮಂಗಳಾರತಿ ತೆಗೆದುಕೊಂಡು ಬಂದಳು. ಜಯಮ್ಮನಿಗೆ ವಾಸಿಯಾಗುವವರೆಗೆ, ಅಂದರೆ ಇಪ್ಪತ್ತು ದಿನ, ಬೆಳಿಗ್ಗೆ ಸಂಜೆ ದೋಟಿ ಓಡಾಡಿತು. ಕೇಸೂ ನಡೆಯುತ್ತಿತ್ತು. ವಾಯಿದೆಯ ದಿನ ಅಪ್ಪ ಬೆಳಿಗ್ಗೆ ಅವರಿಗೆ ಹಾಲು ದಾಟಿಸಿ, ಅದೇ ಬಸ್ಸಿನಲ್ಲಿ ಅವರ ಜೊತೆ ಮದ್ದೂರಿಗೆ ಹೋಗಿ, ಕೋರ್ಟಿನಲ್ಲಿ ಅವರ ವಿರುದ್ಧ ನಿಲ್ಲುತ್ತಿದ್ದರು. ಆ ಕೂಸಿನ ಹೆಸರು ಭಾಗ್ಯ. ಊರು ಕರೆದದ್ದು ಮೀಸಲಮ್ಮ. ಈಗ ಅವಳಿಗೆ ಮೊಮ್ಮಕ್ಕಳಿದ್ದಾರೆ, ಓಣಿಯಲ್ಲಿ ಅವಳ ಸ್ಕೂಟರು ನಿಲ್ಲುತ್ತದೆ. ಯಾರದೆಂದು ಯಾರೂ ಕೇಳುವುದಿಲ್ಲ.

ನಮ್ಮೂರಿನ ಅರಳಿಕಟ್ಟೆಯಲ್ಲಿ ರಿಟೈರಾದವರ ಒಂದು ಗುಂಪು ದಿನಾ ಸಂಜೆ ಸೇರುತ್ತದೆ. ಕಾನೂನು ಮತ್ತು ದೇವರ ಭಯ ಇಲ್ಲದಿದ್ದರೆ ಮನುಷ್ಯ ಮೃಗವಾಗುತ್ತಿದ್ದ ಎಂದು ಅರ್ಧ ಜನ. ಹುಟ್ಟಿದಾಗ ಸರಿಯಾಗಿಯೇ ಇದ್ದ ಮನುಷ್ಯನನ್ನು ಕಾನೂನು ಮತ್ತು ದೇವರೇ ಸೇರಿ ಕೆಡಿಸಿದ್ದು ಎಂದು ಇನ್ನರ್ಧ. ನಾನು ಎರಡೂ ಕಡೆ ವಾದ ಮಾಡಿ ಎರಡೂ ಕಡೆ ಗೆದ್ದಿದ್ದೇನೆ. ಕೂಲಿಯವರು ನೆರಳಿಗೆ ಕೂತು ಉಣ್ಣುತ್ತಿದ್ದ ಹುಣಸೆಮರವನ್ನು ಕಂಟ್ರಾಕ್ಟರನ ಗರಗಸದಿಂದ ಉಳಿಸಿದ್ದು ಅಜ್ಜಿಯ ಅದೇ ಅರಿಸಿನ ಬಟ್ಟೆ. ನಮ್ಮ ಚಿಕ್ಕಪ್ಪ ಹಾರೆ ಹಿಡಿದು ಚಿಕ್ಕಲಿಂಗಯ್ಯನವರ ಗೋಡೆ ಕೆಡವಲು ಹೊರಟಾಗ ತಡೆದದ್ದು ಅಪ್ಪನ ಅದೇ ಆರ್ಡರು. ಹಾಗೆಯೇ, ಮನೆ ತುಂಬ ಹಾಲಿಟ್ಟುಕೊಂಡು ಎರಡು ದಿನ ಒಂದು ಕೂಸಿನ ಅಳುವನ್ನು ನಂಚಿಕೊಂಡು ಮುದ್ದೆ ಉಣ್ಣುವ ಹಾಗೆ ನಮ್ಮನ್ನು ಮಾಡಿದ್ದೂ ಅವೇ ಎರಡು. ಅಪ್ಪ ಕೆಟ್ಟವರಲ್ಲ, ಅಜ್ಜಿ ಕೆಟ್ಟವಳಲ್ಲ. ಆದರೂ ಉಂಡೆವು. ನಾನೂ ಉಂಡೆ. ಅವ್ವನಿಗೆ ಮಾತ್ರ ಇಳಿಯಲಿಲ್ಲ. ಅರಳಿಕಟ್ಟೆಯಲ್ಲಿ ನಾನು ಇದನ್ನು ಹೇಳಿ ಕೊನೆಯಲ್ಲಿ ಎದೆ ತಟ್ಟಿಕೊಳ್ಳುತ್ತಿದ್ದೆ: ಒಬ್ಬಳ ಗಂಟಲನ್ನು ಎರಡು ಸರ್ಕಾರಗಳಿಗೆ ಅರ್ಥ ಮಾಡಿಸಿದವನು ನಾನು, ಅದೂ ಊರಲ್ಲಿ ಯಾರೂ ಬಿಚ್ಚದ ಗಂಟನ್ನು ಬಿಚ್ಚಿ.

ಹೀಗೆ ಸಿಕ್ಕಸಿಕ್ಕವರ ಮುಂದೆಲ್ಲ ಐವತ್ತು ವರ್ಷ ತಟ್ಟಿಕೊಂಡೆ. ಅವ್ವ ತೀರಿಕೊಳ್ಳುವ ಹಿಂದಿನ ವರ್ಷ, ಒಂದು ಬೆಳಿಗ್ಗೆ, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹೊಸದಾಗಿ ಬಂದ ನನ್ನ ಸೊಸೆಗೆ ನಾನು ಈ ಕಥೆಯನ್ನು ಹೇಳುತ್ತಿದ್ದೆ. ಗಂಟಿನ ಭಾಗಕ್ಕೆ ಬಂದಾಗ ಬೆರಳುಗಳನ್ನು ಎತ್ತಿ ತೋರಿಸಿದೆ. ಅವ್ವ ಕಾಯಿಯಿಂದ ಕಣ್ಣೆತ್ತಲಿಲ್ಲ.

"ಆ ಗಂಟು ನಿನ್ ಕೈಲಿ ಬಿಚ್ಚಕಾಯ್ತಿತ್ತೇನ್ಲಾ?" ಅಂದಳು. "ಉಂಡಾದ್ಮೇಲೆ ಅತ್ತೆ ಓಗಿ ಬಿಚ್ಚಿ ಇನ್ನೊಂದ್ಸಲ ಕಟ್ಟುದ್ರು. ನಾನು ಪಾತ್ರೆ ತೊಳೀತಾ ನೋಡ್ತಿದ್ದೆ. ಎಳೆದ್ರೆ ಬರಂಗೆ ಕಟ್ಬುಟ್ಟು ಆಮೇಲೆ ನಿನ್ ಕೂಗುದ್ರು."

ಯಾಕೆ ಇಷ್ಟು ವರ್ಷ ಹೇಳಲಿಲ್ಲವೆಂದು ಕೇಳಿದೆ.

"ಮೆರೀತಿದ್ದಲ್ಲ, ಮೆರೀಲಿ ಅಂತ ಬುಟ್ಟೆ," ಅಂದು ಒಂದು ಹುಳುಕು ಕಾಯಿ ಆಚೆ ಎಸೆದಳು.

ಸೊಸೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನನಗೆ ಅವಮಾನವಾಗಬೇಕಿತ್ತು. ಆಗಲಿಲ್ಲ. ಇಡೀ ಊರನ್ನು ಬೆಸ್ತು ಬೀಳಿಸಿದ ನನ್ನನ್ನು ಒಬ್ಬ ಮುದುಕಿ ಮೊರದ ಹಿಂದೆ ಕೂತು ಹೀಗೆ ಬೆಸ್ತು ಬೀಳಿಸಿದ್ದಾಳೆಂದರೆ ಆ ಮುದುಕಿ ಯಾರ ಅಜ್ಜಿ? ನನ್ನ ಅಜ್ಜಿ. ತಾನೇ ಕಟ್ಟಿದ ಕಟ್ಟನ್ನು ತಾನೇ ಮುರಿಯಲು ಅವಳಿಗೆ ಆಗುತ್ತಿರಲಿಲ್ಲ. ಮುರಿಯುವವನು ಮನೆಯಲ್ಲೇ ಇದ್ದಾನೆ ಎಂಬುದು ಗೊತ್ತಿತ್ತು. ಕೈಗೆ ಸಿಗುವ ಹಾಗೆ ಕಟ್ಟಿ ಬೆನ್ನು ತಿರುಗಿಸಿ ಕೂತಳು.

ಅವತ್ತಿನಿಂದ ಆ ಗಂಟನ್ನು ಕಲಿಯಲು ಹೊರಟಿದ್ದೇನೆ. ಮೊಮ್ಮಕ್ಕಳ ಚಕ್ಕುಲಿ ಡಬ್ಬಕ್ಕೆ ಅರಿಸಿನ ಬಟ್ಟೆ ಕಟ್ಟಿ, ಮುಟ್ಟಬೇಡಿ ಎಂದು ಗದರಿಸಿ, ಬಾಗಿಲ ಕಡೆ ತಿರುಗಿ ಪೇಪರು ಓದುತ್ತ ಕೂರುತ್ತೇನೆ. ಬಿಗಿಯಾಗಿ ಕಟ್ಟಿದರೆ ಪಾಪ, ಎಳೆದೆಳೆದು ಸುಸ್ತಾಗಿ ಅಳುತ್ತವೆ. ಸಡಿಲ ಕಟ್ಟಿದರೆ ನೋಡಿದ ಕೂಡಲೇ ಗೊತ್ತಾಗಿ, ತಾತ ಬೇಕಂತಲೇ ಹೀಗೆ ಕಟ್ಟಿದ್ದಾನೆ ಎಂದು ನಗುತ್ತವೆ. ನೋಡಲು ಕಲ್ಲಿನಂತಿರಬೇಕು, ಬೇಕಾದವರು ಎಳೆದರೆ ಒಂದೇ ಎಳೆತಕ್ಕೆ ಬರಬೇಕು, ಎಳೆದವರಿಗೆ ಜೀವಮಾನವಿಡೀ ತಾವೇ ಬಿಚ್ಚಿದೆವು ಎಂದು ಅನ್ನಿಸಬೇಕು. ನನ್ನ ಕೈಲಾಗದ ಕೆಲಸ ಈ ಲೋಕದಲ್ಲಿ ಇದೊಂದೇ. ಇವತ್ತು ಬೆಳಿಗ್ಗೆಯೂ ಟವೆಲ್ಲಿನ ಮೂಲೆಯಲ್ಲಿ ಹತ್ತು ಸಲ ಕಟ್ಟಿ ನೋಡಿದೆ. ಇನ್ನೂ ಬಂದಿಲ್ಲ.